ಪರದೇಶಿಗಳ ವಿಜಾಪುರ

ವಿಜಾಪುರದ ಸೀಮೆಯಲ್ಲಿ 'ಪರದೇಶಿ' ಎಂಬ ಮಾತಿಗೆ ಎರಡು ಅರ್ಥಗಳಿವೆ. ನಿಘಂಟಿನಲ್ಲಿ ಮೊದಲು ಬರುವ ಅರ್ಥ ಅನ್ಯದೇಶದವನು ಎಂಬುದು. ಆದರೆ ಟಿಕೋಟಾದ ಅಥವಾ ಬಬಲೇಶ್ವರದ ಮುದುಕಿಯೊಬ್ಬಳು ಓಣಿಯ ಮಗುವೊಂದನ್ನು ತೋರಿಸಿ 'ಪರದೇಶಿ ಕೂಸು' ಎಂದರೆ ಅವಳ ಮನಸ್ಸಿನಲ್ಲಿರುವುದು ದೇಶಾಂತರದ ವಿಚಾರವಲ್ಲ. ತಂದೆತಾಯಿಗಳಿಲ್ಲದ, ಹೇಳುವವರು ಕೇಳುವವರು ಇಲ್ಲದ ಮಗು ಎಂಬುದು ಅವಳ ಅಭಿಪ್ರಾಯ. ಊರು ಬಿಟ್ಟವನಿಗೂ ದಿಕ್ಕಿಲ್ಲದವನಿಗೂ ಜನ ಒಂದೇ ಹೆಸರಿಟ್ಟರು. 'ಗರೀಬ' ಎಂಬ ಪದದ ಚರಿತ್ರೆಯೂ ಇದೇ ಜಾಡಿನದು. ಅರಬ್ಬಿಯಲ್ಲಿ 'ಗರೀಬ್' ಎಂದರೆ ಪರಸ್ಥಳದವನು, ಗುರುತು ಪರಿಚಯವಿಲ್ಲದವನು ಎಂದಷ್ಟೇ ಅರ್ಥ. ಅದು ನಮ್ಮ ಸಂತೆಗೆ ಬಂದು ತಲಪುವ ಹೊತ್ತಿಗೆ ಬಡವ ಎಂದಾಯಿತು.

ಇದರಲ್ಲೊಂದು ವಿನೋದವಿದೆ. ಬಹಮನಿ ಹಾಗೂ ಆದಿಲಶಾಹಿ ಕಾಲದ ಇತಿಹಾಸಕಾರರು ಯಾರನ್ನು 'ಗರೀಬರು' ಎಂದು ಕರೆದರೋ ಅವರು ಬಡವರಾಗಿರಲಿಲ್ಲ. ಇರಾನ್, ತುರಾನ್, ಅರಬಸ್ತಾನ, ರೂಮ್ ದೇಶಗಳಿಂದ ಕಡಲು ದಾಟಿ ಬಂದು, ಇಲ್ಲಿ ಜಹಗೀರು ಪಡೆದು, ಮಂತ್ರಿಗಳೂ ಸೇನಾಪತಿಗಳೂ ಆದ ಜನ ಅವರು. ಅವರಿಗೆ 'ಆಫಾಕಿ' ಎಂಬ ಇನ್ನೊಂದು ಹೆಸರೂ ಉಂಟು. ದಿಗಂತದಾಚೆಯವರು ಎಂದು ಅದರ ಅರ್ಥ. ಅವರಿಗೆ ಎದುರಾಗಿ ನಿಂತವರು 'ದಖನಿ'ಗಳು. ದಖನಿಗಳ ಪೂರ್ವಿಕರೂ ಉತ್ತರದಿಂದ ಬಂದವರೇ ಆಗಿದ್ದರು. ಆದರೆ ಅವರು ಕೆಲವು ತಲೆಮಾರು ಮುಂಚೆ ಬಂದಿದ್ದರು, ವ್ಯತ್ಯಾಸ ಅಷ್ಟೇ.

ಹೀಗೆ ಹೊಸದಾಗಿ ಬಂದವನೊಬ್ಬ 16, 17ನೆಯ ಶತಮಾನಗಳ ವಿಜಾಪುರದಲ್ಲಿ ಹೇಗೆ ನೆಲೆಯೂರಿದ, ಯಾರ ಆಸರೆ ಹಿಡಿದ, ಅವನ ಮಕ್ಕಳು ಏನೆನ್ನಿಸಿಕೊಂಡರು ಎಂಬುದೇ ಇಂದಿನ ಮಾತಿನ ವಿಷಯ. 2014ರ ನವೆಂಬರ್ 1ರಿಂದ ಊರಿನ ಅಧಿಕೃತ ಹೆಸರು ವಿಜಯಪುರ. ಹಳೆಯ ಕಾಲದ ಮಾತಾದುದರಿಂದ ಇಲ್ಲಿ ವಿಜಾಪುರವೆಂದೇ ಹೇಳುತ್ತೇನೆ.

ಮೊದಲು ದಾರಿಯನ್ನು ನೋಡೋಣ. ಕೊಂಕಣದ ದಾಭೋಳ ಬಂದರದಲ್ಲಿ ಹಡಗಿನಿಂದಿಳಿದು, ಸಹ್ಯಾದ್ರಿಯನ್ನು ಹತ್ತಿ, ಮಿರಜ, ಅಥಣಿಗಳ ಮೇಲೆ ಹಾಯ್ದು ಬರುವವನಿಗೆ ಟಿಕೋಟಾದ ಸೀಮೆ ಪ್ರಯಾಣದ ಕೊನೆಯ ಮಜಲು. ಅಲ್ಲಿಂದ ರಾಜಧಾನಿಗೆ ಸುಮಾರು 20 ಕಿಲೋಮೀಟರು. ದಕ್ಷಿಣದಿಂದ ಬರುವವನು ಕೃಷ್ಣೆಯನ್ನು ದಾಟಿ, ಬಬಲೇಶ್ವರದ ಎರೆನೆಲವನ್ನು ತುಳಿದು, ಡೋಣಿಯ ಕಣಿವೆಯಲ್ಲಿಳಿದು ಮೇಲೇರಬೇಕು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಮಾತು ಹುಟ್ಟಿದ ನೆಲವಿದು. ಮಳೆ ಬಂದ ವರ್ಷ ಬಿಳಿಜೋಳದ ಸಮುದ್ರ, ಬಾರದ ವರ್ಷ ಬಿರುಕು ಬಿಟ್ಟ ಕಪ್ಪು ಮಣ್ಣು. ಶಿರಾಜಿನ ತೋಟಗಳನ್ನು ಕಂಡಿದ್ದ ಕಣ್ಣಿಗೆ, ಗಿಡಮರ ವಿರಳವಾದ ಈ ಬಯಲು ಮೊದಲ ನೋಟಕ್ಕೆ ಏನನ್ನು ಹೇಳಿರಬಹುದೆಂದು ಊಹಿಸುವುದು ಕಷ್ಟವಲ್ಲ. ಆದರೆ ಇರಾನಿನ ಬಹುಭಾಗವೂ ಒಣನೆಲವೇ ಎಂಬುದನ್ನು ಮರೆಯಬಾರದು. ನೀರಿನ ಬೆಲೆಯನ್ನು ಬಲ್ಲ ಜನ ನೀರಿನ ಬೆಲೆಯನ್ನು ಬಲ್ಲ ಸೀಮೆಗೇ ಬಂದರು.

ಟಿಕೋಟಾದ ದಾರಿಯಲ್ಲಿ ಊರಿಗೆ ತುಸು ಮುಂಚೆ ತೊರವಿ ಸಿಕ್ಕುತ್ತದೆ. ಕುಮಾರ ವಾಲ್ಮೀಕಿಯ ರಾಮಾಯಣದಿಂದ ಕನ್ನಡಿಗರಿಗೆಲ್ಲ ಪರಿಚಿತವಾದ ತೊರವೆ ಇದೇ. ನರಸಿಂಹನ ಈ ಊರಿನ ಕಡೆಯಿಂದಲೇ ಮೊದಲನೆಯ ಅಲಿ ಆದಿಲಶಹನ ಕಾಲದಲ್ಲಿ ನೆಲದೊಳಗಿನ ಕಾಲುವೆಯ ಮೂಲಕ ರಾಜಧಾನಿಗೆ ನೀರನ್ನು ತಂದರು. ಇರಾನಿನಲ್ಲಿ ಇಂಥ ಸುರಂಗಗಳಿಗೆ ಕನಾತ್ ಎನ್ನುತ್ತಾರೆ. ಬೀದರದಲ್ಲಿಯೂ ಇಲ್ಲಿಯೂ ಅವು ಕರೇಜ್ ಎಂದು ಹೆಸರಾಗಿವೆ. ನೀರಿನ ಒತ್ತಡವನ್ನು ತಗ್ಗಿಸಲು ಅಲ್ಲಲ್ಲಿ ಕಟ್ಟಿದ ಗೋಪುರಗಳಿಗೆ ಊರಿನವರು 'ಗಂಜ' ಎನ್ನುತ್ತಾರೆ. ಕೆಲವು ಇಂದೂ ನಿಂತಿವೆ. ಪ್ರವಾಸಿಗಳು ಅವುಗಳ ಪಕ್ಕದಲ್ಲೇ ಹಾದು ಗೋಲಗುಮ್ಮಟಕ್ಕೆ ಹೋಗುತ್ತಾರೆ. ನನ್ನನ್ನು ಕೇಳಿದರೆ ಪರದೇಶದ ವಿದ್ಯೆ ವಿಜಾಪುರಕ್ಕೆ ಕೊಟ್ಟ ದೊಡ್ಡ ಕೊಡುಗೆ ಗುಮ್ಮಟಗಳಿಗಿಂತ ಈ ನೀರು.

ಪಶ್ಚಿಮದ ಮಕ್ಕಾ ಬಾಗಿಲನ್ನು ಹೊಕ್ಕವನಿಗೆ ಸ್ವಲ್ಪ ದೂರದಲ್ಲೇ ತಾಜ ಬಾವಡಿ ಕಾಣುತ್ತದೆ. 1620ರಲ್ಲಿ ಮಲಿಕ್ ಸಂದಲ್ ಕಟ್ಟಿಸಿದ್ದು. ಹೆಸರು ಎರಡನೆಯ ಇಬ್ರಾಹಿಮನ ರಾಣಿ ತಾಜ ಸುಲ್ತಾನಳದು. ಅಗಲವಾದ ಕಮಾನಿನ ಇಕ್ಕೆಲಗಳಲ್ಲಿ ಪ್ರಯಾಣಿಕರು ತಂಗಲು ಕೋಣೆಗಳಿವೆ. ಊರನ್ನು ಹೊಕ್ಕವನಿಗೆ ಮೊದಲು ನೀರು, ಆಮೇಲೆ ನೆರಳು, ಆಮೇಲೆ ಉಳಿದ ವಿಚಾರಣೆ. ಆತಿಥ್ಯದ ಈ ಕ್ರಮ ನಮ್ಮ ಹಳ್ಳಿಮನೆಗಳಲ್ಲಿ ಇಂದಿಗೂ ಇರುವುದೇ.

ಒಳಗಿನ ಪೇಟೆ ಹೇಗಿತ್ತು? ಅಕ್ಬರನ ರಾಯಭಾರಿಯಾಗಿ 1604ರ ಸುಮಾರಿಗೆ ಇಲ್ಲಿಗೆ ಬಂದ ಅಸದ್ ಬೇಗ್ ಕಜ್ವೀನಿ ಅದನ್ನು ವರ್ಣಿಸಿದ್ದಾನೆ. ಮೂವತ್ತು ಗಜ ಅಗಲದ, ಎರಡು ಹರದಾರಿ ಉದ್ದದ ಬೀದಿ. ಪ್ರತಿ ಅಂಗಡಿಯ ಮುಂದೆ ಒಂದು ಹಸಿರು ಮರ. ಜವಳಿ, ಒಡವೆ, ಆಯುಧ, ರೊಟ್ಟಿ, ಮೀನು, ಸುಗಂಧ, ಮದ್ಯ ಎಲ್ಲವೂ ಸಾಲುಸಾಲಾಗಿ. ಆತ ಅದಕ್ಕೆ ಮುಂಚೆ ಕಂಡಿರದ ಒಂದು ವಸ್ತು ಅವನಿಗಿಲ್ಲಿ ಸಿಕ್ಕಿತು, ಹೊಗೆಸೊಪ್ಪು. ಅದನ್ನೂ ಸೇದುವ ಕೊಳವೆಗಳನ್ನೂ ಕೊಂಡೊಯ್ದು ಅಕ್ಬರನಿಗೆ ಒಪ್ಪಿಸಿದ. ಮೊಗಲ ದರಬಾರಿಗೆ ತಂಬಾಕು ಹೋದದ್ದು ವಿಜಾಪುರದ ಸಂತೆಯಿಂದ. ಅಮೆರಿಕದಿಂದ ಪೋರ್ತುಗೀಜರ ಹಡಗಿನಲ್ಲಿ ಬಂದ ಆ ಸೊಪ್ಪೂ ಒಬ್ಬ ಪರದೇಶಿಯೇ ಎನ್ನಬೇಕು.

ಇನ್ನು ಜನರ ವಿಚಾರ. ರಾಜ್ಯದ ಸ್ಥಾಪಕನೇ ಹೊರಗಿನಿಂದ ಬಂದವನು. ಯೂಸುಫ್ ಆದಿಲಖಾನ ತುರ್ಕಿಯ ರಾಜಕುಮಾರ, ಕೊಲೆಯಿಂದ ತಪ್ಪಿಸಿಕೊಂಡು ಬಂದವನು ಎಂಬ ರಮ್ಯ ಕಥೆಯನ್ನು ಫಿರಿಶ್ತಾ ಹೇಳುತ್ತಾನೆ. ಆಧುನಿಕ ವಿದ್ವಾಂಸರು ಅದನ್ನು ನಂಬುವುದಿಲ್ಲ. ಇರಾನಿನ ಸಾವಾ ಪಟ್ಟಣದೊಡನೆ ಅವನಿಗಿದ್ದ ಸಂಬಂಧ ಮಾತ್ರ ಗಟ್ಟಿಯಾದದ್ದು. ಪೋರ್ತುಗೀಜರು ಅವನನ್ನು 'ಸಬಾಯೊ' ಎಂದದ್ದಕ್ಕೂ ಅದೇ ಕಾರಣವೆಂದು ಹೇಳುತ್ತಾರೆ. ಅದೇ ಫಿರಿಶ್ತಾ ಹೇಳುವಂತೆ ಯೂಸುಫ್ ಬೀದರಿಗೆ ಬಂದದ್ದು ವ್ಯಾಪಾರಿಯೊಬ್ಬನ ಕೈಯಲ್ಲಿ ಮಾರಾಟಕ್ಕೆ ಬಂದ ಗುಲಾಮನಾಗಿ. ಅವನನ್ನು ಮೇಲೆತ್ತಿದ ಬಹಮನಿ ಮಂತ್ರಿ ಮಹಮೂದ್ ಗವಾನ್ ಕೂಡ ಕ್ಯಾಸ್ಪಿಯನ್ ದಂಡೆಯ ಗಿಲಾನಿನವನು. ದಖನಿ ಸರದಾರರ ಪಿತೂರಿಗೆ ಸಿಕ್ಕಿ 1481ರಲ್ಲಿ ಗವಾನನ ತಲೆಹೋಯಿತು. ಅವನ ಕೈಕೆಳಗೆ ಬೆಳೆದ ಯೂಸುಫ್ ಎಂಟೊಂಬತ್ತು ವರ್ಷಗಳಲ್ಲಿ ವಿಜಾಪುರದಲ್ಲಿ ಸ್ವತಂತ್ರನಾದ. ಆಶ್ರಯದಾತನ ಗತಿಯನ್ನು ಕಂಡವನಿಗೆ ಪರದೇಶಿಯ ಬದುಕಿನ ಅಪಾಯ ತಿಳಿಯದೆ ಇದ್ದಿರಲಾರದು.

ಈ ಯೂಸುಫನ ಮನೆಯೊಳಗೆ ಎರಡು ಲೋಕಗಳಿದ್ದವು. ಅವನ ಹೆಂಡತಿ ಮುಕುಂದರಾವ್ ಎಂಬ ಮರಾಠಾ ಸರದಾರನ ತಂಗಿ. ಮದುವೆಯಾದ ಮೇಲೆ ಅವಳ ಹೆಸರು ಬೂಬೂಜಿ ಖಾನಮ್. ಅವನ ಸಾಕುತಂಗಿ ದಿಲ್‌ಶಾದ್ ಆಗಾ ಇರಾನಿನಿಂದ ಬಂದು ಅರಮನೆಯಲ್ಲಿ ನೆಲಸಿದವಳು. 1511ರಲ್ಲಿ ಕಮಾಲಖಾನ ದಖನಿ ಬಾಲಕ ಇಸ್ಮಾಯಿಲನನ್ನು ಕೆಡಹಿ ಗದ್ದುಗೆಯೇರಲು ಹೊಂಚಿದಾಗ ಅವನ ಕೊಲೆಗೆ ಉಪಾಯ ಹೂಡಿದವಳು ಬೂಬೂಜಿ. ಅವನ ಕಡೆಯವರು ಅರಮನೆಗೆ ಮುತ್ತಿಗೆ ಹಾಕಿದಾಗ ಆಯುಧ ಹಿಡಿದು ಕೋಟೆಯ ಮೇಲೆ ನಿಂತವರಲ್ಲಿ ದಿಲ್‌ಶಾದ್ ಮುಖ್ಯಳು. ದಖ್ಖನದ ಹೆಣ್ಣೂ ಇರಾನಿನ ಹೆಣ್ಣೂ ಸೇರಿ ಮನೆಯ ಮಗುವನ್ನು ಉಳಿಸಿಕೊಂಡರು.

ಆ ಮಗು ಬೆಳೆದು ಮಾಡಿದ್ದೇನು ಎಂಬುದನ್ನು ನೋಡಿದರೆ ಆಶ್ಚರ್ಯವೂ ಖೇದವೂ ಒಟ್ಟಿಗೆ ಆಗುತ್ತವೆ. ಇಸ್ಮಾಯಿಲನು ದಖನಿಗಳನ್ನೂ ಹಬಶಿಗಳನ್ನೂ ಸೈನ್ಯದಿಂದ ಹೊರಗಿಟ್ಟ. ಪರದೇಶದ ಸರದಾರರಿಗೆ ಇಲ್ಲಿ ಹುಟ್ಟಿದ ಮಕ್ಕಳಿಗೂ ಕೆಲಸವಿಲ್ಲವೆಂದ. ಇರಾನಿನ ಸಫವಿ ಸೈನಿಕರಂತೆ ತನ್ನ ದಂಡಾಳುಗಳೂ ಹನ್ನೆರಡು ಮೊನೆಯ ಕೆಂಪು ಟೊಪ್ಪಿಗೆ ಧರಿಸಬೇಕೆಂದು ಆಜ್ಞೆ ಮಾಡಿದ. ಕೊನೆಗೆ ಆ ಪರದೇಶಿ ಸರದಾರರೇ ಅರಸನ ಮುಂದೆ ಕೈಜೋಡಿಸಿ, ಇಲ್ಲಿ ಹುಟ್ಟಿದ ತಮ್ಮ ಮಕ್ಕಳಿಗೂ ಸೇವೆಯಲ್ಲಿ ಎಡೆ ಕೊಡಬೇಕೆಂದು ಬೇಡಿಕೊಳ್ಳಬೇಕಾಯಿತು. ಆ ನಿಯಮ ಸುಮಾರು ಹನ್ನೆರಡು ವರ್ಷ ನಡೆದ ಮೇಲೆ ಸಡಿಲವಾಯಿತೆಂದು ಫಿರಿಶ್ತಾ ಬರೆಯುತ್ತಾನೆ. ಈ ನೆಲದ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅರಸನೇ, ಅಂಥವೇ ತಾಯಂದಿರ ಮಕ್ಕಳನ್ನು ಬಾಗಿಲಿನಾಚೆ ನಿಲ್ಲಿಸಿದ. ದೂರದ ದೇಶದ ಚಿತ್ರ ಅಲ್ಲಿಂದ ಬಂದ ತಂದೆಗಿಂತ, ಅದನ್ನು ಕಾಣದ ಮಗನ ಮನಸ್ಸಿನಲ್ಲಿ ಹೆಚ್ಚು ಹೊಳಪಾಗಿ ಮೂಡುವುದುಂಟು. ಹೊರನಾಡಿನ ಕನ್ನಡ ಕುಟುಂಬಗಳಲ್ಲಿಯೂ ಇಂಥದನ್ನು ಕೆಲವರು ಕಂಡಿರಬಹುದು.

ಇಸ್ಮಾಯಿಲನ ಮಗ ಮೊದಲನೆಯ ಇಬ್ರಾಹಿಮ 1534ರಲ್ಲಿ ಪಟ್ಟಕ್ಕೆ ಬಂದವನು ಎಲ್ಲವನ್ನೂ ತಿರುಗುಮುರುಗು ಮಾಡಿದ. ನಾನೂರು ಮಂದಿಯನ್ನುಳಿದು ಮಿಕ್ಕ ಪರದೇಶಿಗಳನ್ನೆಲ್ಲ ಕೆಲಸದಿಂದ ತೆಗೆದ. ಕೆಂಪು ಟೊಪ್ಪಿಗೆಗಳು ಮಾಯವಾದವು. ದಫ್ತರದ ಲೆಕ್ಕಪತ್ರಗಳು ಪಾರಸಿಯನ್ನು ಬಿಟ್ಟು ದೇಶಭಾಷೆಗೆ ತಿರುಗಿ ಬ್ರಾಹ್ಮಣ ಕರಣಿಕರ ಕೈಸೇರಿದವು. ಫಿರಿಶ್ತಾ ಆ ಭಾಷೆಯನ್ನು 'ಹಿಂದವಿ' ಎನ್ನುತ್ತಾನೆ. ಕಂದಾಯದ ಕಾಗದಗಳಲ್ಲಿ ನಡೆದದ್ದು ಬಹುಮಟ್ಟಿಗೆ ಮರಾಠಿ ಮತ್ತು ಕನ್ನಡ. ಕೆಲಸ ಕಳೆದುಕೊಂಡವರಲ್ಲಿ ಅನೇಕರು ತುಂಗಭದ್ರೆಯನ್ನು ದಾಟಿ ವಿಜಯನಗರದ ರಾಮರಾಯನ ಸೇವೆಗೆ ಸೇರಿದರು. ಅಂದಿನ ಕದನಗಳನ್ನು ಎರಡು ಮತಗಳ ಹೋರಾಟವೆಂದು ಸರಳವಾಗಿ ಬಗೆಯುವವರು ಈ ಸಂಗತಿಯನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ಇರಾನಿನ ಸಿಪಾಯಿಗೆ ವಿಜಾಪುರದಲ್ಲಿ ಬಾಗಿಲು ಮುಚ್ಚಿದಾಗ ಅನ್ನವಿಟ್ಟದ್ದು ಹಂಪೆ.

ಹೀಗೆ ಒಬ್ಬ ಅರಸ ತೆರೆದ ಬಾಗಿಲನ್ನು ಇನ್ನೊಬ್ಬ ಮುಚ್ಚುವುದು, ಮತ್ತೊಬ್ಬ ತೆರೆಯುವುದು ಸುಮಾರು ನೂರು ವರ್ಷ ನಡೆಯಿತು. ಮೊದಲನೆಯ ಅಲಿ ಮತ್ತೆ ಪರದೇಶಿಗಳನ್ನು ಕರೆಸಿದ. ಅವನ ಕಾಲಕ್ಕೆ ಶಿರಾಜಿನಿಂದ ವ್ಯಾಪಾರಕ್ಕೆಂದು ಬಂದ ರಫೀಉದ್ದೀನ್ ಎಂಬ ತರುಣ ಅರಮನೆಯ ಊಟದ ಮೇಲ್ವಿಚಾರಣೆಗೆ ಸೇರಿ, ಇಲ್ಲೇ ಮುದುಕನಾಗಿ, ಎಪ್ಪತ್ತರ ಅಂಚಿನಲ್ಲಿ ಈ ರಾಜ್ಯದ ಇತಿಹಾಸವನ್ನು ಬರೆದ. ಅಲಿ ತೀರಿಕೊಂಡ ಮೇಲೆ ಹಬಶಿ ದಿಲಾವರಖಾನನ ಅಧಿಕಾರದಲ್ಲಿ ಪುನಃ ಅನೇಕರು ಹೊರದೂಡಲ್ಪಟ್ಟರು. ಇಂಥ ಊರಿನಲ್ಲಿ ಮನೆ ಕಟ್ಟುವವನು ಗೋಡೆಯನ್ನು ಎಷ್ಟು ದಪ್ಪ ಕಟ್ಟಬೇಕು?

ಈ ಪ್ರಶ್ನೆಯನ್ನು ಬದುಕಿ ತೋರಿಸಿದವನು ಫಿರಿಶ್ತಾ. ಮೇಲೆ ಇಷ್ಟು ಸಲ ಅವನ ಹೆಸರೆತ್ತಿದ್ದೇನೆ, ಅವನ ಕಥೆಯನ್ನೇ ಹೇಳಬೇಕು. ಪೂರ್ಣ ಹೆಸರು ಮಹಮ್ಮದ್ ಕಾಸಿಮ್ ಹಿಂದೂಶಾಹ. ಫಿರಿಶ್ತಾ ಎಂದರೆ ದೇವದೂತ. ಹುಟ್ಟಿದ್ದು ಕ್ಯಾಸ್ಪಿಯನ್ ಸಮುದ್ರದ ಬಳಿಯ ಅಸ್ತರಾಬಾದಿನಲ್ಲಿ. ತಂದೆಯೊಡನೆ ಬಾಲ್ಯದಲ್ಲೇ ಅಹಮದನಗರಕ್ಕೆ ಬಂದ. ತಂದೆ ಅಲ್ಲಿಯ ರಾಜಕುಮಾರ ಮೀರಾನ್ ಹುಸೇನನಿಗೆ ಪಾರಸಿ ಕಲಿಸುವ ಗುರು. ಆದರೆ ಬಹಳ ಕಾಲ ಬದುಕಲಿಲ್ಲ. ಹುಡುಗ ನಮ್ಮ ಮುದುಕಿ ಹೇಳುವ ಅರ್ಥದಲ್ಲಿಯೂ ಪರದೇಶಿಯಾದ. ಬೆಳೆದು ಅರಸನ ಕಾವಲು ಪಡೆಗೆ ಸೇರಿದ. ಅದೇ ರಾಜಕುಮಾರ ತಂದೆಯ ಮೇಲೆ ತಿರುಗಿಬಿದ್ದು ಅರಮನೆಗೆ ನುಗ್ಗಿದಾಗ ಕಾವಲಿನವರೆಲ್ಲ ಕತ್ತಿಗೆ ತುತ್ತಾದರು. ಒಡನಾಡಿಯ ಗುರುತು ಹಿಡಿದು ರಾಜಕುಮಾರ ಇವನೊಬ್ಬನನ್ನು ಉಳಿಸಿದ. ಆ ರಾಜಕುಮಾರನೂ ಹೆಚ್ಚು ದಿನ ಆಳಲಿಲ್ಲ. 1589ರಲ್ಲಿ ಅವನ ಕೊಲೆಯಾಯಿತು. ಕೊಲೆಗೆ ಕಾರಣನಾದವನು ಪರದೇಶಿ ಮಂತ್ರಿಯೆಂಬ ರೋಷದಿಂದ ದಖನಿ ಗುಂಪು ಎದ್ದು, ಅಹಮದನಗರದ ಬೀದಿಗಳಲ್ಲಿ ಪರದೇಶಿಗಳನ್ನು ಹುಡುಕಿ ಹುಡುಕಿ ಕೊಂದಿತು. ಅದರಿಂದಲೂ ಪಾರಾದ ಫಿರಿಶ್ತಾ ಆ ವರ್ಷದ ಕೊನೆಗೆ ವಿಜಾಪುರವನ್ನು ಸೇರಿದ.

ಅಂದರೆ ಆತ ಇಲ್ಲಿಗೆ ಬಂದದ್ದು ಉದ್ಯೋಗಾರ್ಥಿಯಾಗಿ ಎನ್ನುವುದಕ್ಕಿಂತ ನಿರಾಶ್ರಿತನಾಗಿ. ಅಧಿಕಾರದಲ್ಲಿದ್ದವನು ಪರದೇಶಿಗಳನ್ನು ಓಡಿಸಿದ ಆ ದಿಲಾವರಖಾನನೇ. ಆದರೂ ಅವನ ಮೂಲಕವೇ ದರಬಾರಿನ ಪರಿಚಯ ದೊರೆಯಿತು. ಮರುವರ್ಷವೇ ಯುದ್ಧಕ್ಕೆ ಹೋಗಿ ಗಾಯಗೊಂಡು, ಸೆರೆಸಿಕ್ಕು, ಉಪಾಯದಿಂದ ತಪ್ಪಿಸಿಕೊಂಡು ಬಂದ. ಮುಂದೆ ಎರಡನೆಯ ಇಬ್ರಾಹಿಮ ಅವನಿಗೊಂದು ಹಳೆಯ ಇತಿಹಾಸಗ್ರಂಥವನ್ನು ಕೊಟ್ಟು, ಹಿಂದುಸ್ತಾನದ ಮುಸಲ್ಮಾನ ಅರಸರ ಚರಿತ್ರೆಯನ್ನು ಸ್ತುತಿಯಿಲ್ಲದೆ ಬರೆಯಬೇಕೆಂದು ಹೇಳಿದನಂತೆ. 1606–07ರ ಹೊತ್ತಿಗೆ ಗ್ರಂಥದ ಮೊದಲ ರೂಪ ಅರಸನಿಗೆ ಸಮರ್ಪಿತವಾಯಿತು. ಜಾನ್ ಬ್ರಿಗ್ಸ್ ಅದನ್ನು 1829ರಲ್ಲಿ ಇಂಗ್ಲಿಷಿಗೆ ತಂದ. ದಖ್ಖನದ ಇತಿಹಾಸ ಬರೆಯುವವರೆಲ್ಲ, ನಂಬಲಿ ಬಿಡಲಿ, ಇಂದಿಗೂ ಅವನ ಮನೆಯ ಮೇಲೆಯೇ ಹಾದುಹೋಗಬೇಕು. ಪರದೇಶಿಗಳಿಗೆ ಒಲಿದ ಅರಸ ಅವನ ಕಣ್ಣಿಗೆ ಒಳ್ಳೆಯವನಾಗಿ, ಒಲಿಯದವನು ಸಾಮಾನ್ಯನಾಗಿ ಕಾಣುತ್ತಾನೆ ಎಂಬುದನ್ನು ನಾವು ನೆನಪಿಡಬೇಕು. ದಖನಿಗಳ ಕಡೆಯ ಕಥೆಯನ್ನು ಬರೆದ ಇಂಥದೇ ಸಮರ್ಥ ಲೇಖನಿ ಇದ್ದಿದ್ದರೆ ಚಿತ್ರ ಬೇರೆಯಾಗುತ್ತಿತ್ತು.

ಫಿರಿಶ್ತಾನ ಇನ್ನೊಂದು ಕೃತಿಯ ಮಾತು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಅದು ವೈದ್ಯಗ್ರಂಥ. ಈ ದೇಶದ ವೈದ್ಯರ ಪದ್ಧತಿಯನ್ನು, ಮದ್ದುಗಳ ಗುಣವನ್ನು ಪಾರಸಿ ಬಲ್ಲವರಿಗೆ ತಿಳಿಸಿಕೊಡುವುದು ಅದರ ಉದ್ದೇಶ. ಹೊಸ ನೆಲದಲ್ಲಿ ನೆಲೆಯೂರಿದವನು ಎಂದಾದರೊಂದು ದಿನ ಜ್ವರದಲ್ಲಿ ಮಲಗುತ್ತಾನೆ. ಆಗ ಊರಿನ ವೈದ್ಯನ ಮಾತನ್ನು ಕೇಳಲೇಬೇಕು. ಅವನ ಇತಿಹಾಸಗ್ರಂಥಕ್ಕಿಂತ ಈ ಪುಸ್ತಕದಲ್ಲಿ ನನಗೆ ಊರಿಗೆ ಹೊಂದಿಕೊಂಡ ಮನುಷ್ಯ ಹೆಚ್ಚಾಗಿ ಕಾಣುತ್ತಾನೆ.

ಎರಡನೆಯ ಇಬ್ರಾಹಿಮನ ಕಾಲ, 1580ರಿಂದ 1627ರವರೆಗಿನದು, ಈ ಚರಿತ್ರೆಯ ತುಂಬುಹೊಳೆ. ಅರಸನೇ ಊರಿನ ಮಾತನ್ನಾಡುವವನು. ಅವನ ಮರಾಠಿ ಸಲೀಸಾಗಿತ್ತು, ಪಾರಸಿ ಅಷ್ಟಕ್ಕಷ್ಟೇ ಎಂದು ಅಸದ್ ಬೇಗನ ಸಾಕ್ಷ್ಯವಿದೆ. ದಖನಿಯಲ್ಲಿ ಹಾಡುಗಳನ್ನು ಕಟ್ಟಿ, ಸರಸ್ವತಿಗಣಪತಿಯರನ್ನು ಸ್ತುತಿಸಿ, 'ಜಗದ್ಗುರು' ಎನ್ನಿಸಿಕೊಂಡ. ಅವನ ಆ ಹಾಡುಗಳ ಪುಸ್ತಕ 'ಕಿತಾಬ್-ಎ-ನೌರಸ್'. ಅದಕ್ಕೆ ಪಾರಸಿ ಗದ್ಯದಲ್ಲಿ ಮುನ್ನುಡಿ ಬರೆದವನು ಖುರಾಸಾನದ ತುರ್ಶೀಜಿನಿಂದ ಬಂದ ಕವಿ ಜುಹೂರಿ. ಅವನೂ ಮೊದಲು ಅಹಮದನಗರದಲ್ಲಿದ್ದು ಆಮೇಲೆ ಇಲ್ಲಿಗೆ ಬಂದವನೇ. ಅವನ ಮಾವ ಮಲಿಕ್ ಕುಮ್ಮಿಯೂ ಕವಿ, ಇರಾನಿನ ಕುಮ್ ಪಟ್ಟಣದವನು. ಮಾವ ಅಳಿಯ ಕೂಡಿಯೇ ಕೃತಿ ರಚಿಸಿ ಅರಸನಿಗೆ ಒಪ್ಪಿಸಿದ್ದುಂಟು. ಪರನಾಡಿನಲ್ಲಿ ಒಂದೇ ಭಾಷೆಯ ಎರಡು ಮನೆಗಳು ಹೆಣ್ಣು ಕೊಟ್ಟು ತಂದುಕೊಂಡು ಬೇರುಬಿಡುವ ರೀತಿ ಇದು. ಇಬ್ಬರೂ 1616ರ ಸುಮಾರಿಗೆ ಇಲ್ಲಿಯೇ ತೀರಿಕೊಂಡರು.

'ನೌರಸ್' ಎಂಬ ಪದದ ಬಳಿ ಒಂದು ಗಳಿಗೆ ನಿಲ್ಲಬೇಕು. ನಮಗೆ ಅದು ಭರತಮುನಿಯ ನವರಸ. ಪಾರಸಿ ಕಿವಿಗೆ ಅದು ಬೇರೆಯೇ ಪದ: 'ನೌ' ಎಂದರೆ ಹೊಸದು, 'ರಸ್' ಎಂಬ ಧಾತುವಿಗೆ ಬಂದು ಸೇರುವುದು, ಹಣ್ಣಾಗುವುದು ಎಂಬ ಅರ್ಥ. ಈಗತಾನೆ ಮಾಗಿದ ಹಣ್ಣು, ಈಗತಾನೆ ಬಂದದ್ದು. ಅರಸನಿಗೆ ಈ ಪದ ಹುಚ್ಚು ಹಿಡಿಸಿತು. ನಾಣ್ಯಕ್ಕೆ, ಮುದ್ರೆಗೆ, ಹಬ್ಬಕ್ಕೆ, ಕೊನೆಗೆ ಊರಿಗೂ ಅದೇ ಹೆಸರು. ಊರಿನವನೂ ಹೊಸಬನೂ ಒಂದೇ ಶಬ್ದವನ್ನು ಕೇಳಿ, ತಮ್ಮ ತಮ್ಮ ಭಾಷೆಯ ಅರ್ಥವನ್ನು ಅದರಲ್ಲಿ ಕಂಡು, ಇಬ್ಬರೂ ತಲೆದೂಗಬಹುದಾಗಿತ್ತು. ಇದಕ್ಕಿಂತ ಉಚಿತವಾದ ಪದವನ್ನು ಯಾವ ಅರಸನೂ ತನ್ನ ರಾಜಧಾನಿಗೆ ಆರಿಸಿಕೊಂಡದ್ದನ್ನು ನಾನು ಕಾಣೆ.

ಆ ಊರು ನವರಸಪುರ. 1599ರಲ್ಲಿ ಕೋಟೆಯ ಪಶ್ಚಿಮಕ್ಕೆ, ತೊರವಿಯ ಬಳಿ, ಟಿಕೋಟಾಕ್ಕೆ ಹೋಗುವ ದಿಕ್ಕಿನಲ್ಲಿ ಅದರ ಕೆಲಸ ಮೊದಲಾಯಿತು. ಅಲ್ಲಿ ಮನೆ ಮಾಡಿದ್ದವರಲ್ಲಿ ಒಬ್ಬ ಹಾಲೆಂಡಿನ ಚಿತ್ರಕಾರನೂ ಇದ್ದ. ಹಾರ್ಲೆಮ್ ಪಟ್ಟಣದ ಕೊರ್ನೆಲಿಸ್ ಹೇಡಾ ಪ್ರಾಗ್ ನಗರದ ಚಕ್ರವರ್ತಿಯ ಆಸ್ಥಾನದಲ್ಲಿದ್ದು, ಅಲ್ಲಿಂದ ಪರ್ಷಿಯಾದ ಷಹಾನ ಸೇವೆಗೆಂದು ಹೊರಟವನು. ದಾರಿ ಎಲ್ಲೆಲ್ಲಿಯೋ ಸುತ್ತಿ ಗೋವೆಗೆ ತಂದಿತು, ಪೋರ್ತುಗೀಜರು ಸೆರೆಯಲ್ಲಿಟ್ಟರು. ಕೊನೆಗೆ 1610ರ ಆಸುಪಾಸಿನಲ್ಲಿ ಇಬ್ರಾಹಿಮನ ಚಿತ್ರಕಾರನಾಗಿ ಇಲ್ಲಿ ನೆಲಸಿ, ಗ್ರೀಕ್ ರೋಮನ್ ಪುರಾಣದ ದೇವತೆಗಳನ್ನು ಬರೆದುಕೊಟ್ಟ. ಡಚ್ ಕಂಪನಿಯವರಿಗೆ ಅವನು ಬರೆದ ಪತ್ರಗಳು ಉಳಿದಿವೆ. ಚಿತ್ರಗಳಲ್ಲಿ ಒಂದೂ ನಿಶ್ಚಿತವಾಗಿ ಗುರುತಿಗೆ ಬಂದಿಲ್ಲ. ಹತ್ತು ವರ್ಷಕ್ಕೆ ಮಿಕ್ಕಿ ಇಲ್ಲಿದ್ದು ಇಲ್ಲಿಯೇ ಸತ್ತ. ಪರ್ಷಿಯಾಕ್ಕೆ ಹೊರಟವನು ತೊರವಿಯ ಹೊಲದಲ್ಲಿ ಮಣ್ಣಾದ.

ಇಷ್ಟು ಹೊತ್ತು ಹೇಳಿದ್ದು ತಮ್ಮ ಇಚ್ಛೆಯಿಂದ ಬಂದವರ, ಅಥವಾ ಬರುವ ಹೊತ್ತಿಗೆ ಆಯ್ಕೆಯೊಂದನ್ನಾದರೂ ಉಳಿಸಿಕೊಂಡಿದ್ದವರ ಮಾತು. ಹಬಶಿಗ‌ಳ ಸಂಗತಿ ಹಾಗಲ್ಲ. ಇಥಿಯೋಪಿಯಾದ ಕಡೆಯಿಂದ ಹಿಡಿದುತಂದು, ಅರಬಸ್ತಾನದ ಸಂತೆಗಳಲ್ಲಿ ಮಾರಿ, ಕೊಂಕಣದ ಬಂದರಗಳಲ್ಲಿ ಇಳಿಸಿದ ಹುಡುಗರು ಅವರು. ಇಂಥ ಗುಲಾಮರಿಗೆ ಹುಟ್ಟಿದ ಹೆಸರು ಉಳಿಯುತ್ತಿರಲಿಲ್ಲ. ಕೊಂಡವರು ರತ್ನಗಳ, ಪರಿಮಳದ್ರವ್ಯಗಳ ಹೆಸರನ್ನಿಡುತ್ತಿದ್ದರು: ಯಾಕೂತ್ ಎಂದರೆ ಮಾಣಿಕ್ಯ, ಜೌಹರ್ ಎಂದರೆ ರತ್ನ, ಅಂಬರ್ ಎಂದರೆ ತಿಮಿಂಗಿಲದ ಸುಗಂಧ, ಸಂದಲ್ ಎಂದರೆ ಶ್ರೀಗಂಧ, ರೈಹಾನ್ ಎಂದರೆ ಪರಿಮಳದ ತುಳಸಿಯಂಥ ಗಿಡ. ಮನುಷ್ಯನನ್ನು ಸರಕಿನ ಪಟ್ಟಿಯಲ್ಲಿ ಬರೆದ ಕೈಗಳು ಸರಕಿನ ಹೆಸರನ್ನೇ ಅವನಿಗಿಟ್ಟವು. ಈಗ ಆ ಹೆಸರುಗಳೊಡನೆ ವಿಜಾಪುರವನ್ನು ಒಮ್ಮೆ ಸುತ್ತಿಬನ್ನಿ. ತಾಜ ಬಾವಡಿ ಮಲಿಕ್ ಸಂದಲ್‌ನದು. ಇಬ್ರಾಹಿಮ್ ರೋಜಾದ ಶಾಸನದಲ್ಲಿಯೂ ಕೆಲಸ ನಡೆಸಿದವನೆಂದು ಅವನ ಹೆಸರಿದೆ, ವೆಚ್ಚ ಒಂದು ಲಕ್ಷ ಐವತ್ತು ಸಾವಿರದ ಒಂಬೈನೂರು ಹೊನ್ನು. ಜುಮ್ಮಾ ಮಸೀದಿಯ ಮಿಹ್ರಾಬಿನ ಬಂಗಾರದ ಚಿತ್ತಾರ 1636ರಲ್ಲಿ ಮಲಿಕ್ ಯಾಕೂತನ ಕೈಯಿಂದಾದದ್ದು. ಮಹಮ್ಮದ್ ಆದಿಲಶಹನ ಕಾಲದಲ್ಲಿ ರಾಜ್ಯದ ಸೂತ್ರಗಳನ್ನೆಲ್ಲ ಹಿಡಿದಿದ್ದ ಇಖ್ಲಾಸಖಾನನ ಮೊದಲಿನ ಹೆಸರು ಮಲಿಕ್ ರೈಹಾನ್. ಸುಲ್ತಾನನ ಹಿಂದೆ ಆನೆಯ ಮೇಲೆ ಅವನು ಕುಳಿತಿರುವ ಚಿತ್ರ ಪ್ರಸಿದ್ಧವಾಗಿದೆ. ನವರಸಪುರವನ್ನು 1624ರಲ್ಲಿ ಸೂರೆಮಾಡಿ ಹಾಳುಗೆಡವಿದವನೂ ಒಬ್ಬ ಹಬಶಿಯೇ, ಅಹಮದನಗರದ ಮಲಿಕ್ ಅಂಬರ್. ಹೊಸದಾಗಿ ಬಂದವರ ಹೆಸರಿನ ಊರು ಇಪ್ಪತ್ತೈದು ವರ್ಷ ಬಾಳಿತು.

ಆಸ್ಥಾನದ ಕಥೆ ಇಷ್ಟಾದರೂ ನೆಲೆಯೂರುವ ಕೆಲಸ ನಿಜವಾಗಿ ನಡೆದದ್ದು ಅಡುಗೆಮನೆಯಲ್ಲಿ, ಬೀಸುವ ಕಲ್ಲಿನ ಮುಂದೆ. ಹೊರಗಿನಿಂದ ಬಂದ ಸೂಫಿ ಮನೆತನಗಳ ಸಂತರು ಪಾರಸಿಯನ್ನು ಬದಿಗಿಟ್ಟು ದಖನಿಯಲ್ಲಿ ಹಾಡು ಕಟ್ಟಿದರು. ಅವುಗಳಲ್ಲಿ 'ಚಕ್ಕಿನಾಮಾ' ಎಂಬ ಒಂದು ಬಗೆಯಿದೆ. ಹೆಂಗಸರು ಜೋಳ ಬೀಸುವಾಗ ಹಾಡಿಕೊಳ್ಳಲು ಮಾಡಿದ್ದು. ಕಲ್ಲಿನ ಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸಿ ದೇವರ ನೆನಪನ್ನು ಕಲಿಸುವ ಹಾಡುಗಳೂ ಅವುಗಳಲ್ಲಿವೆ. ನೂಲುವಾಗ ಹಾಡಲು 'ಚರಖಾನಾಮಾ' ಬೇರೆ. ರಿಚರ್ಡ್ ಈಟನ್ ಎಂಬ ವಿದ್ವಾಂಸರು ವಿಜಾಪುರದ ಸೂಫಿಗಳ ಮೇಲೆ 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವುಗಳ ಮಹತ್ವವನ್ನು ವಿವರಿಸಿದ್ದಾರೆ. ಪಕ್ಕದ ಮನೆಯಲ್ಲಿ ಗರತಿಯೊಬ್ಬಳು ಅದೇ ಬೆಳಗಿನ ಜಾವ, ಅದೇ ಬಿಳಿಜೋಳ ಬೀಸುತ್ತ ಕನ್ನಡದ ಬೀಸುವ ಪದ ಹಾಡುತ್ತಿದ್ದಳೆಂದು ಹೇಳಲು ಯಾವ ಶಾಸನದ ಆಧಾರವೂ ಬೇಡ. ಎರಡು ಹಾಡುಗಳಿಗೂ ತಾಳ ಹಾಕಿದ್ದು ಒಂದೇ ಬಗೆಯ ಕಲ್ಲು.

ನಮ್ಮ ಮಾತಿನಲ್ಲಿಯೂ ಅವರು ಉಳಿದಿದ್ದಾರೆ. ಬಬಲೇಶ್ವರದ ರೈತ ಜಡ್ಡಾದರೆ 'ದವಾಖಾನಿ'ಗೆ ಹೋಗುತ್ತಾನೆ, ಆಸ್ಪತ್ರೆಗಲ್ಲ. ಕೂಡುವುದು 'ಖುರ್ಚಿ'ಯ ಮೇಲೆ, ತಲೆಗೆ ಸುತ್ತುವುದು 'ರುಮಾಲು', ಕಚೇರಿಗೆ ಕೊಡುವುದು 'ಅರ್ಜಿ', ನೋಡುವುದು 'ತಾರೀಖು', ಉಳುವುದು 'ಜಮೀನು'. ಇವುಗಳಲ್ಲಿ ಯಾವುದೂ ಪರದೇಶಿಯೆಂದು ಅವನಿಗೆ ಅನ್ನಿಸುವುದಿಲ್ಲ.

1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನಿಗೆ ಕೋಟೆ ಶರಣಾಯಿತು. ಸರದಾರರು ಮೊಗಲರ ಸೇವೆಗೆ ಹೋದರು. ಅರಮನೆಯನ್ನೇ ನಂಬಿದ್ದ ಕುಶಲಿಗಳು, ಲಿಪಿಕಾರರು, ಚಿತ್ರಕಾರರು ಚದುರಿದರು. ಮೂರು ತಲೆಮಾರು ಇಲ್ಲಿ ಬಾಳಿದ ಮನೆಗಳು ಮತ್ತೆ ಮೂಟೆ ಕಟ್ಟಿದವು. ಸುಮಾರು ಇನ್ನೂರು ವರ್ಷ ಊರು ತನ್ನ ಕಲ್ಲುಗಳ ನಡುವೆ ಹಾಳುಸುರಿಯಿತು. 1885ರಲ್ಲಿ ಜಿಲ್ಲೆಯ ಮುಖ್ಯ ಕಚೇರಿ ಕಲಾದಗಿಯಿಂದ ಇಲ್ಲಿಗೆ ಬಂದ ಮೇಲೆ ಬೀದಿಗಳಲ್ಲಿ ಪುನಃ ದೀಪ ಕಂಡಿತು.

ಆಮೇಲಿನ ಕಾಲದಲ್ಲಿ ದಾರಿ ತಿರುಗಿತು. ಹಡಗಿನಿಂದಿಳಿದವರು ಟಿಕೋಟಾದ ಮೇಲೆ ಹಾಯ್ದು ಒಳನಾಡಿಗೆ ಬರುತ್ತಿದ್ದಂತೆ, ಮಳೆ ತಪ್ಪಿದ ವರ್ಷಗಳಲ್ಲಿ ಈ ಸೀಮೆಯ ಜನ ಗುಳೆ ಎದ್ದು ಕಡಲಿನ ಕಡೆಗೆ ಹೋಗತೊಡಗಿದರು. ಗೋವೆಯ ರಸ್ತೆಗಳಿಗೆ, ಬಂದರಕ್ಕೆ, ಕಟ್ಟಡಗಳಿಗೆ ಮಣ್ಣು ಕಲ್ಲು ಹೊತ್ತವರಲ್ಲಿ ವಿಜಾಪುರ ಜಿಲ್ಲೆಯವರ ಪಾಲು ದೊಡ್ಡದು. ಅಲ್ಲಿ ಅವರಿಗೆ 'ಘಾಟಿ' ಎಂಬ ಹೆಸರು. ಘಟ್ಟದಾಚೆಯವರು ಎಂದು ಅದರ ಅರ್ಥವಾದರೂ ಹೇಳುವ ದನಿಯಲ್ಲಿ ಮರ್ಯಾದೆಯಿರುವುದಿಲ್ಲ. 2004ರ ಜೂನಿನಲ್ಲಿ ವಾಸ್ಕೋದ ಬೈನಾ ಕಡಲದಂಡೆಯ ಗುಡಿಸಲುಗಳನ್ನು ಕೆಡವಿದಾಗ ಮಳೆಯಲ್ಲಿ ನಿಂತವರಲ್ಲಿ ಬಹು ಮಂದಿ ಉತ್ತರ ಕರ್ನಾಟಕದವರು. ಅಲ್ಲಿ ಹುಟ್ಟಿ ಬೆಳೆದ ಅವರ ಮಕ್ಕಳೂ ಅವರೊಡನಿದ್ದರು.

ಗೋವೆ 1510ರವರೆಗೆ ವಿಜಾಪುರದ ಅರಸರದೇ ಆಗಿತ್ತು. ಪಣಜಿಯಲ್ಲಿ ಮಾಂಡವಿಯ ದಂಡೆಯ ಮೇಲೆ ಯೂಸುಫ್ ಆದಿಲಖಾನನ ಕಾಲದ್ದೆಂದು ಹೇಳುವ ಅರಮನೆಯೊಂದಿದೆ. ಪೋರ್ತುಗೀಜ್ ವೈಸರಾಯರು ಅದನ್ನು ತಮ್ಮ ಮನೆ ಮಾಡಿಕೊಂಡರು. ಆಮೇಲೆ ಸರಕಾರದ ಸಚಿವಾಲಯವಾಯಿತು. 2000ದವರೆಗೆ ವಿಧಾನಸಭೆ ಅಲ್ಲಿಯೇ ಕೂಡುತ್ತಿತ್ತು. ಪಣಜಿಯವರು ಅದನ್ನು ಇಂದಿಗೂ ಆದಿಲಶಹನ ಅರಮನೆ ಎಂದೇ ಕರೆಯುತ್ತಾರೆ.